ರಾಜಿ ಯಜಮಾನರ ಸನ್ನಿಧಾನಕ್ಕೆ

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರೂ ತಾಲ್ಲೂಕಿನ ಟೀ ಅಂಗಡಿ ಬೆಂಚುಗಳಲ್ಲಿ ಕಾಯಂ ಪೀಠ ಹೊಂದಿರುವ ಶ್ರೀಮಾನ್ ರಾಜಿ ಯಜಮಾನರಿಗೆ ಶರಣು.

ಯಜಮಾನರ ಕೋರ್ಟಿನಲ್ಲಿ ವಕಾಲತ್ತಿಲ್ಲ, ವಾಯಿದೆಯಿಲ್ಲ, ಮೇಲ್ಮನವಿಯಂತೂ ಇಲ್ಲವೇ ಇಲ್ಲ. ಕಬ್ಬಿನ ಟ್ರ್ಯಾಕ್ಟರ್ ತಗುಲಿ ಕೂಲಿಯವನೊಬ್ಬನ ಕಾಲು ಮುರಿದರೆ, ಆ ಕಾಲಿಗೆ ಪ್ಲಾಸ್ಟರ್ ಬೀಳುವ ಮೊದಲೇ ತೀರ್ಪು ಬಿದ್ದಿರುತ್ತದೆ. “ಕೋರ್ಟು ಗೀರ್ಟು ಯಾಕ್ಲಾ? ಟ್ರ್ಯಾಕ್ಟರ್‌ನೋನೂ ನಮ್ಮೋನೇ. ಐದ್ ಸಾವ್ರ ಈಸ್ಕಂಡು ಸುಮ್ಕಿರು.” ಗಾಯಾಳು “ಆಯ್ತು ಬುದ್ಧೀ” ಅನ್ನುತ್ತಾನೆ. ಅವತ್ತಿನ ಟೀ ದುಡ್ಡೂ ಅವನ ಲೆಕ್ಕಕ್ಕೇ.

ಆಸ್ಪತ್ರೆಯಲ್ಲಿ ಏನು ಹೇಳಬೇಕೆಂಬುದನ್ನೂ ಯಜಮಾನರೇ ಕಲಿಸಿ ಕಳಿಸುತ್ತಾರೆ. “ನಾನೇ ಜಾರಿ ಬಿದ್ದೆ” ಎಂದು ಅವನು ಒಪ್ಪಿಸುತ್ತಾನೆ, ಕೇಸ್ ಶೀಟಿನಲ್ಲಿ ಹಾಗೇ ದಾಖಲಾಗುತ್ತದೆ. ಮೂರು ತಿಂಗಳು ಕಳೆದು ಕಾಲು ಸರಿಹೋಗದೆ, ಹೆಂಡತಿಯ ತಾಳಿ ಗಿರವಿ ಅಂಗಡಿ ಸೇರಿದ ಮೇಲೆ ಅವನು ವಕೀಲರ ಬಳಿ ಓಡುತ್ತಾನೆ. ಆಗ ವಿಮಾ ಕಂಪನಿಯವರು ಮೊದಲು ತೆರೆದು ತೋರಿಸುವುದು ಆ ಒಂದು ಸಾಲನ್ನೇ. ಅವರ ಪರವಾಗಿ ಇಷ್ಟು ಗಟ್ಟಿ ಸಾಕ್ಷಿ ತಯಾರಿಸಿಕೊಟ್ಟ ಯಜಮಾನರಿಗೆ ಕಂಪನಿಗಳು ಈವರೆಗೆ ಒಂದು ಶಾಲಾದರೂ ಹೊದಿಸದಿರುವುದು ಕೃತಘ್ನತೆ.

ಯಜಮಾನರ ಕೃಪೆಯಿಂದ ಗುಟ್ಟಾಗಿಯೇ ಉಳಿದಿರುವ ಸಂಗತಿ ಇಷ್ಟೇ: ದುಡ್ಡು ಕೊಡಬೇಕಾದದ್ದು ‘ನಮ್ಮೋನು’ ಅಲ್ಲ, ಅವನ ವಾಹನದ ವಿಮಾ ಕಂಪನಿ. 1988ರ ಮೋಟಾರು ವಾಹನ ಕಾಯ್ದೆ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ. ಅದೇ ಕಾಯ್ದೆಯ 166ನೇ ಕಲಮಿನಡಿ ಗಾಯಾಳು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹನೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನಿಗೆ ಅಲ್ಲೇ ಪೆಟ್ಟಾದರೂ ಅರ್ಜಿಯನ್ನು ತನ್ನೂರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಿಕೊಳ್ಳಲು ಅವಕಾಶವಿದೆ.

ಯಜಮಾನರು ಐದು ಸಾವಿರವನ್ನು ಯಾವ ಶಾಸ್ತ್ರದ ಪ್ರಕಾರ ಗುಣಿಸಿದರೋ ಗೊತ್ತಿಲ್ಲ. ನ್ಯಾಯಮಂಡಳಿಯ ಮಗ್ಗಿಯೇ ಬೇರೆ. ಗಾಯಾಳುವಿಗೆ 38 ವರ್ಷ, ತಿಂಗಳ ಸಂಪಾದನೆ 12,000 ಎಂದಿಟ್ಟುಕೊಂಡರೆ ವರ್ಷಕ್ಕೆ 1,44,000. ಸುಪ್ರೀಂ ಕೋರ್ಟ್ 2009ರಲ್ಲಿ ಒಪ್ಪಿದ ಪಟ್ಟಿಯಲ್ಲಿ 36ರಿಂದ 40ರ ವಯಸ್ಸಿಗೆ ಗುಣಕ 15. ಅಲ್ಲಿಗೆ 21,60,000. ಡಾಕ್ಟರು ಎಡಗಾಲಿಗೆ ಶೇ 30 ಊನ ಎಂದು ಬರೆದರೆ, ಸಾಮಾನ್ಯವಾಗಿ ಅದರ ಮೂರನೇ ಒಂದು ಭಾಗವನ್ನು ಇಡೀ ದೇಹಕ್ಕೆ ಹಿಡಿಯುತ್ತಾರೆ. ಕಾಲಿನ ಮೂವತ್ತು ದೇಹಕ್ಕೆ ಬರುವಾಗ ಹತ್ತಾಗುವ ಈ ಚಮತ್ಕಾರ ಕೂಲಿಯವನಿಗೆ ಎಂದೂ ಅರ್ಥವಾಗಿಲ್ಲ, ಅವನು ದೇಹವನ್ನು ಹೊತ್ತು ನಡೆಯುವುದು ಆ ಕಾಲಿನ ಮೇಲೇ ಅಲ್ಲವೇ? ಆದರೂ ಸಿಗುವುದು 2,16,000. ಆಸ್ಪತ್ರೆ ಬಿಲ್ಲು, ನೋವಿನ ಲೆಕ್ಕ, ಮಲಗಿದ್ದ ದಿನಗಳ ಕೂಲಿ ಇದಕ್ಕೆ ಹೊರತು.

ಕೆಲಸಕ್ಕೆ ತಕ್ಕಂತೆ ಊನ ಅಳೆಯಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಎಡಗೈ ಹೋದ ಗುಮಾಸ್ತನ ನೌಕರಿ ಉಳಿಯಬಹುದು, ಬಡಗಿಯದು ಹೆಚ್ಚುಕಡಿಮೆ ಪೂರ್ತಿ ಹೋದಂತೆ. 2014ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯ ಊನವನ್ನು ಶೇ 85 ಎಂದು, ತಿಂಗಳ ಸಂಪಾದನೆಯನ್ನು 6,500 ಎಂದು ಆ ಕೋರ್ಟು ಹಿಡಿಯಿತು. ಸೊಪ್ಪು ಮಾರುವವನಿಗೆ ಪೇ ಸ್ಲಿಪ್ ಎಲ್ಲಿಂದ ಬರಬೇಕು?

ಅಂದಹಾಗೆ ಗಡುವು. ಅರ್ಜಿ ಆರು ತಿಂಗಳೊಳಗೆ ಬೀಳಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿ, ತಡವಾಯಿತೆಂಬ ಕಾರಣಕ್ಕೇ ಯಾರನ್ನೂ ವಾಪಸು ಕಳಿಸಬೇಡಿ ಎಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವಾಗಿದೆ. ಅದನ್ನೇ ನಂಬಿ ಕೂರುವುದು ಜಾಣತನವಲ್ಲ. ಯಜಮಾನರ “ಹಬ್ಬ ಕಳೀಲಿ, ಮಾತಾಡುವ” ಎಂಬ ಮಾತಿಗೆ ಆರು ತಿಂಗಳು ನುಂಗುವ ಶಕ್ತಿ ಇದೆ.

ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಕತ್ತಲಲ್ಲಿ ನಡೆದು ಹೋಗುವವರಿಗೆ ಗಾಡಿ ಗುದ್ದಿ ಪರಾರಿಯಾದರೆ? ಅದಕ್ಕೂ ದಾರಿ ಇದೆ: ಸತ್ತರೆ 2 ಲಕ್ಷ, ತೀವ್ರ ಗಾಯವಾದರೆ 50,000. ಗಾಡಿ ಸಿಗದಿದ್ದರೂ ಪೊಲೀಸ್ ದೂರು ಮಾತ್ರ ಬೇಕೇ ಬೇಕು.

ಆದರೆ ಪೊಲೀಸ್ ಕೇಸೊಂದೇ ಸಾಲದು ಎನ್ನುವುದಕ್ಕೆ ಹನೂರಿನ ಸುಳ್ವಾಡಿಯನ್ನು ಇಲ್ಲಿ ನೆನೆಯದೆ ಇರಲಾಗದು. 2018ರ ಡಿಸೆಂಬರ್ 14ರಂದು ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅಲ್ಲಿ ಯಾವ ಬೆಂಚಿನ ರಾಜಿಯೂ ನಡೆಯಲಿಲ್ಲ. ಆದರೂ ಆ ಘಟನೆಯಲ್ಲಿ ಒಂದು ಪಾಠವಿದೆ: ಕ್ರಿಮಿನಲ್ ಕೇಸು ಸರ್ಕಾರ ಮತ್ತು ಆರೋಪಿಯ ನಡುವಿನದು. ಅದರಲ್ಲಿ ಶಿಕ್ಷೆಯಾದರೂ ನೊಂದವನ ಒಲೆ ತಾನಾಗಿ ಉರಿಯುವುದಿಲ್ಲ, ಪರಿಹಾರದ ಬಾಗಿಲು ಬೇರೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವುದು ಯಜಮಾನರ ಕೊನೆಯ ಅಸ್ತ್ರ. ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಕಾನೂನು ಸೇವೆಗಳ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೆಲ್ಲ ಆ ಲೆಕ್ಕಕ್ಕೆ ಸೇರಿದವರೇ. ರಾಜಿಯೇ ಬೇಕೆಂದರೆ ಲೋಕ ಅದಾಲತ್ ಇದೆ, ಅಲ್ಲಿನ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆ. ಆಸ್ಪತ್ರೆ ವರಾಂಡದಲ್ಲೇ “ಬಂದದ್ದರಲ್ಲಿ ಮೂವತ್ತು ಪರ್ಸೆಂಟ್ ನಮ್ಮದು” ಎನ್ನುವವರು ಸಿಕ್ಕರೆ ಮಾತ್ರ ಹುಷಾರು. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ.

ಇಷ್ಟೆಲ್ಲ ದಾರಿ ಇದ್ದರೂ ಯಜಮಾನರಿಗೆ ರಾಜಿಯ ಮೇಲೆ ಯಾಕಿಷ್ಟು ಮೋಹ ಎಂಬುದು ಬೆಂಚಿನ ತುದಿಯಲ್ಲಿ ಕೂತವರಿಗೆ ಬಗೆಹರಿದಿರಲಿಲ್ಲ. ವಿಮೆ ಇಲ್ಲದ ಗಾಡಿ ಗುದ್ದಿದರೆ ಪೂರ್ತಿ ಹಣ ಮಾಲೀಕನೇ ಕಟ್ಟಬೇಕು, ಕಟ್ಟದಿದ್ದರೆ ಅವನ ಆಸ್ತಿ ಜಪ್ತಿಗೆ ಬರುತ್ತದೆ. ಯಜಮಾನರ ಸ್ವಂತ ಟ್ರ್ಯಾಕ್ಟರ್ ಅಂಗಡಿ ಮುಂದೆಯೇ ನಿಂತಿದೆ. ಅದರ ವಿಮೆ ಯಾವ ವರ್ಷ ಮುಗಿಯಿತೆಂದು ತಿಳಿಸುವ ಕೃಪೆಯಾಗಬೇಕು.