ಬಹುಪಿತೃಕ ದಾಯಮೀಮಾಂಸೆ

ಒಂದು ಕ್ಲಾಸು ಎರಡೋ ಹೆಚ್ಚೋ ಕ್ಲಾಸುಗಳ ಗುಣ, ಕ್ರಿಯೆಗಳನ್ನು ಪಡೆದು ಹುಟ್ಟುವುದು ಮಲ್ಟಿಪಲ್ ಇನ್‌ಹೆರಿಟೆನ್ಸ್, ಶಾಸ್ತ್ರೋಕ್ತವಾಗಿ, ಬಹುಪಿತೃಕ-ದಾಯಗ್ರಹಣ-ಸಂಕರತ್ವ. ಸಿ ಪ್ಲಸ್ ಪ್ಲಸ್ ಭಾಷೆಗೆ ಇದು ದಕ್ಕಿದ್ದು 1989ರಲ್ಲಿ. ಇಬ್ಬರು ತಂದೆಯರ ಆಸ್ತಿಗೂ ಪಿಂಡಕ್ಕೂ ಬಾಧ್ಯನಾದ ದ್ವ್ಯಾಮುಷ್ಯಾಯಣನ ವಿಚಾರವನ್ನು ಕಲ್ಯಾಣದ ವಿಜ್ಞಾನೇಶ್ವರ ಒಂಬತ್ತು ಶತಮಾನದ ಹಿಂದೆಯೇ ಮಿತಾಕ್ಷರದಲ್ಲಿ ಚರ್ಚಿಸಿದ್ದ. ಅವನ ಬಳಿ ಕಂಪೈಲರ್ ಇರಲಿಲ್ಲ, ಅಷ್ಟೆ.

ಇದರಲ್ಲಿ ಐದು ವಿಧ. ಮೊದಲನೆಯದು ವಜ್ರಾಕೃತಿ. ಅಜ್ಜ ಒಬ್ಬ, ಅವನಿಗೆ ಇಬ್ಬರು ಮಕ್ಕಳು, ಆ ಇಬ್ಬರಿಗೂ ಸೇರಿ ಒಬ್ಬನೇ ಮಗ. ಅಜ್ಜನ ಒಂದೇ ಪೆಟ್ಟಿಗೆ ಎರಡು ದಾರಿ ಹಿಡಿದು ಬಂದು ಮೊಮ್ಮಗನ ಮನೆಯಲ್ಲಿ ಎರಡಾಗುತ್ತದೆ; ಯಾವುದನ್ನು ತೆರೆಯಬೇಕೆಂದು ತಿಳಿಯದೆ ಕಂಪೈಲರ್ ಕೈಚೆಲ್ಲುತ್ತದೆ. ಇಬ್ಬರು ಮಕ್ಕಳೂ ಅಜ್ಜನ ಹೆಸರಿನ ಮುಂದೆ ‘ವರ್ಚುವಲ್’ ಎಂದು ಬರೆದುಕೊಂಡರೆ ಪೆಟ್ಟಿಗೆ ಒಂದೇ ಉಳಿಯುತ್ತದೆ. 1995ರಲ್ಲಿ ಬಂದ ಜಾವಾ ಇಬ್ಬರು ತಂದೆಯರ ಉಸಾಬರಿಯೇ ಬೇಡವೆಂದಿತು. 2014ರಲ್ಲಿ ಇಂಟರ್‌ಫೇಸುಗಳಿಗೆ ಡಿಫಾಲ್ಟ್ ಮೆಥಡ್ ಕೊಟ್ಟು ಹಿತ್ತಿಲ ಬಾಗಿಲು ತೆರೆಯಿತು. ಪೈಥಾನಿನಲ್ಲಿ ಸಾಲು ಕಟ್ಟುವ ಪದ್ಧತಿ: ಎಡಗಡೆಯ ತಂದೆಯ ಮಾತು ಮೊದಲು, ಅಜ್ಜನ ಸರದಿ ಇಬ್ಬರ ನಂತರ.

ಎರಡನೆಯದು ಸಂದರ್ಶನಾಕೃತಿ. 1998ರಲ್ಲಿ ಸೈಬರ್ ಟವರ್ಸ್ ಎದ್ದ ಹೈದರಾಬಾದಿನ ಮಾದಾಪುರವೇ ಇದರ ಕ್ಷೇತ್ರ. ಬೀದರ ಕಡೆಯ ಹುಡುಗ ನಸುಕಿನ ಬಸ್ಸು ಹಿಡಿದು, ಮಾರ್ಕ್ಸ್‌ಕಾರ್ಡುಗಳ ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡು ಬಂದು, ಬಿಳಿ ಹಲಗೆಯ ಮೇಲೆ ಆ ವಜ್ರವನ್ನು ಬರೆಯಬೇಕು. ಪಕ್ಕದ ಗೋಲ್ಕೊಂಡದಲ್ಲಿ ನಿಜವಾದ ವಜ್ರಕ್ಕೂ ಇಷ್ಟು ಪರೀಕ್ಷೆ ಇದ್ದಿರಲಾರದು. ಕೇಳುವವರಿಗೂ ಉತ್ತರ ಬಾಯಿಪಾಠ. ಕೆಲಸ ಸಿಕ್ಕ ಮೇಲೆ ಅವನು ಮಾಡುವುದು ಎಕ್ಸೆಲ್ ಶೀಟಿನ ಸಾಲು ತುಂಬುವುದು. ಎಂಟು ವರ್ಷದಲ್ಲಿ ಇಬ್ಬರು ತಂದೆಯರ ಒಂದು ಕ್ಲಾಸನ್ನೂ ಬರೆಯದವನನ್ನು ಇದೊಂದೇ ಪ್ರಶ್ನೆಯಿಂದ ಜರಡಿ ಹಿಡಿದದ್ದು ಏತಕ್ಕೆ? ನಾಚಿಕೆಗೇಡಿನ ಶಾಸ್ತ್ರ.

ಉಳಿದ ಮೂರು ವಿಧಗಳು ಸ್ಲೈಡು ತುಂಬಿಸಲಿಕ್ಕೆ ಇರುವಂಥವು. ಬಿಡಬಹುದು.

ಯಾವ ಗ್ರಂಥವೂ ಹೇಳದ ಆಕೃತಿ ಒಂದಿದೆ. ಆ ಹುಡುಗನಿಗೆ ಇಬ್ಬರು ಮ್ಯಾನೇಜರುಗಳು: ಒಬ್ಬ ಮಾದಾಪುರದ ಆರನೇ ಮಹಡಿಯಲ್ಲಿ, ಇನ್ನೊಬ್ಬ ಡಲ್ಲಾಸಿನಲ್ಲಿ. ಇಬ್ಬರ ಮೇಲೂ ಒಬ್ಬನೇ ವೈಸ್ ಪ್ರೆಸಿಡೆಂಟು. ಕೆಲಸ ಎರಡೂ ದಾರಿಯಲ್ಲಿ ಇಳಿದು ಬರುತ್ತದೆ, ಎರಡು ಪ್ರತಿಯಾಗಿಯೇ; ‘ವರ್ಚುವಲ್’ ಎಂದು ಬರೆಯುವವರಿಲ್ಲ. ರಜೆ ಮಾತ್ರ ಯಾವ ದಾರಿಯಲ್ಲೂ ಬರುವುದಿಲ್ಲ. ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ ಅಜ್ಜನ ಹೊಲದಲ್ಲಿ ಚರಗ ಚೆಲ್ಲಬೇಕು, ಬದುವಿನ ಮೇಲೆ ಕೂತು ಭಜ್ಜಿ, ಸಜ್ಜೆರೊಟ್ಟಿ ಉಣ್ಣಬೇಕು ಎಂದು ಒಂದು ದಿನ ಕೇಳಿದರೆ, ಎಡಗಡೆಯವನು ಬಲಗಡೆಯವನನ್ನು ಕೇಳು ಎನ್ನುತ್ತಾನೆ. ಬಲಗಡೆಯವನಿಗೆ ಆಗ ನಡುರಾತ್ರಿ.

ಆ ಹೊಲ ಅವನಿಗೆ ಒಂದೇ ದಾರಿಯಲ್ಲಿ, ಅಪ್ಪನಿಂದ ಬರಬೇಕಾದದ್ದು. ಈ ಸಲವೂ ಅಪ್ಪನೊಬ್ಬನೇ ಚರಗ ಚೆಲ್ಲಿ ಬಂದ. ಮಾದಾಪುರದಿಂದ ಬೀದರಿಗೆ ಬಸ್ಸಿನಲ್ಲಿ ಮೂರೂವರೆ ತಾಸು. ರಜೆಯ ಅರ್ಜಿ ಇನ್ನೂ ಪೆಂಡಿಂಗ್.