ಮುಟ್ಟಬೇಡಿ, ವಾರಂಟಿ ಇದೆ

ಗಂಜಾಂನಲ್ಲಿ ಮನೆ ಮಾಡಿಕೊಂಡವನಿಗೆ ಹೊಸ ಗಾಡಿ ಅನ್ನುವುದು ಖಾಸಗಿ ವಿಷಯವಲ್ಲ. ಮೈಸೂರು, ಮಂಡ್ಯದ ಷೋರೂಮುಗಳಿಂದ ಹೊರಬಿದ್ದ ಕಾರು, ಸ್ಕೂಟರು, ಟ್ರ್ಯಾಕ್ಟರುಗಳೆಲ್ಲ ಮನೆ ಸೇರುವ ಮುಂಚೆ ನಿಮಿಷಾಂಬೆಯ ಗುಡಿ ಮುಂದೆ ಬಂದು ನಿಲ್ಲುತ್ತವೆ. ಹಾರ, ಅರಿಸಿನ, ಕುಂಕುಮ, ಚಕ್ರಕ್ಕೊಂದರಂತೆ ನಿಂಬೆಹಣ್ಣು. ದಿನಾ ಇದನ್ನೇ ನೋಡಿ ಬೆಳೆದ ನಮ್ಮ ಬೀದಿ ಹುಡುಗರಿಗೆ ಮಗ್ಗಿ ಬರದಿದ್ದರೂ ಯಾವ ಕಾರಿಗೆ ಆನ್‌ರೋಡ್ ಎಷ್ಟು ಅನ್ನುವುದು ಬಾಯಿಪಾಠ. ಇಂಥ ಪರೀಕ್ಷಕರ ನಡುವೆ ನಾನು ಹೈಬ್ರಿಡ್ ಕಾರು ತಂದೆ. ಯಾವ ಕಂಪನಿಯದ್ದು ಅಂತ ಕೇಳಬೇಡಿ. ಹೇಳಿದರೆ ಅವರು ಜಾಹೀರಾತು ಅಂದುಕೊಳ್ಳುತ್ತಾರೆ, ಪೂರ್ತಿ ಓದಿದ ಮೇಲೆ ನೋಟೀಸು ಕಳಿಸುತ್ತಾರೆ.

ಪೂಜೆಯ ದಿನವೇ ಎಡವಟ್ಟು. ಅರ್ಚಕರು ಮಂಗಳಾರತಿ ಮುಗಿಸಿ, “ಸ್ಟಾರ್ಟ್ ಮಾಡಿ” ಅಂದರು. 

“ಆಗಿದೆ ಸ್ವಾಮಿ.” 

“ಎಲ್ಲಿ ಆಗಿದೆ? ಸದ್ದೇ ಇಲ್ಲ.” 

ಡ್ಯಾಷ್‌ಬೋರ್ಡಿನಲ್ಲಿ ‘ರೆಡಿ’ ಅನ್ನುವ ಹಸಿರು ದೀಪ ತೋರಿಸಿದೆ. ಅವರು ನಂಬಲಿಲ್ಲ. ಹಿಂದೆ ಸರದಿಯಲ್ಲಿದ್ದ ಟ್ರ್ಯಾಕ್ಟರಿನವನು ಇಳಿದು ಬಂದು, “ತಳ್ಳಣ್ವಾ ಸಾರ್?” ಅಂತ ಪಂಚೆ ಎತ್ತಿ ಕಟ್ಟಿದ. ಅವನ ಕೈ ಡಿಕ್ಕಿಗೆ ತಗಲುವಷ್ಟರಲ್ಲಿ ಗಾಡಿ ತಾನೇ ಮುಂದಕ್ಕೆ ಹೋಯಿತು. ಕೇಳಿಸಿದ್ದು ನಿಂಬೆಹಣ್ಣು ‘ಪಚಕ್’ ಅಂದದ್ದು ಮಾತ್ರ.

ನನ್ನ ಸೋದರಮಾವ ಅಲ್ಲೇ ನಿಂತಿದ್ದರು. ಬತ್ತ, ಕಬ್ಬು ಬೆಳೆದು ಹಣ್ಣಾದ ಜೀವ. ಮಂಡ್ಯದ ವಿ.ಸಿ. ಫಾರಂನಲ್ಲಿ ತಯಾರಾದ ಕೆ.ಆರ್.ಎಚ್-2 ಹೈಬ್ರಿಡ್ ಬತ್ತ ಹಾಕಿ ಗೊತ್ತಿದ್ದವರು. ಬಾನೆಟ್ಟಿನ ಮೇಲೆ ಕೈಯಾಡಿಸಿ, “ಐಬ್ರಿಡ್ಡಾ ಅಳಿಯ? ಇಳುವರಿ ಚೆನ್ನಾಗೇ ಬತ್ತದೆ. ಆದ್ರೆ ಬೀಜ ಮಡಿಕಳಂಗಿಲ್ಲ. ವರ್ಸ ವರ್ಸ ಅವರತ್ರಕ್ಕೇ ಓಗ್ಬೇಕು” ಅಂದರು. ಕಾರಿನ ಬಗ್ಗೆ ಆಮೇಲೆ ನಾನು ಏನೇನು ಓದಿದೆನೋ, ಇಷ್ಟು ಸರಿಯಾಗಿ ಹೇಳಿದ್ದು ಎಲ್ಲೂ ಸಿಗಲಿಲ್ಲ.

ಈ ಗಾಡಿಯಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಕರೆಂಟಿನ ಮೋಟಾರೂ ಇದೆ. ನಿಧಾನಕ್ಕೆ ಹೋಗುವಾಗ ಮೋಟಾರು, ಜೋರಾಗಿ ಹೋಗುವಾಗ ಎಂಜಿನ್ನು, ಏರು ಬಂದರೆ ಎರಡೂ. ಬ್ರೇಕು ಒತ್ತಿದಾಗ ಅದೇ ಮೋಟಾರು ಜನರೇಟರಾಗಿ ತಿರುಗಿ ಬ್ಯಾಟರಿ ತುಂಬುತ್ತದೆ. ಇದನ್ನು ಮಾವನಿಗೆ ವಿವರಿಸಿದೆ. “ಬ್ರೇಕ್ ಆಕುದ್ರೆ ಕರೆಂಟಾ? ಅಂಗಾರೆ ಬೆಂಗ್ಳೂರಲ್ಲಿ ಓಡ್ಸು. ಸಿಲ್ಕ್‌ ಬೋರ್ಡಲ್ಲಿ ಒಂದ್ಸಲ ಸಿಕ್ಕಾಕಂಡ್ರೆ ನಮ್ಮೂರಿನ ಪಂಪ್‌ಸೆಟ್ಟೆಲ್ಲ ಓಡ್ತವೆ” ಅಂದರು.

ಗಾಡಿಯ ಜೊತೆಗೆ ಒಂದು ವಾರಂಟಿ ಪುಸ್ತಕ ಕೊಟ್ಟಿದ್ದರು. ಗಾಡಿಗಿಂತ ಅದು ಭಾರ. ನಮ್ಮಲ್ಲಿ ಮಾರುವ ಸ್ಟ್ರಾಂಗ್ ಹೈಬ್ರಿಡ್‌ಗಳ ದೊಡ್ಡ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಇಲ್ಲವೇ 1,60,000 ಕಿ.ಮೀ. ವಾರಂಟಿ, ಯಾವುದು ಮೊದಲೋ ಅದು. ಈ ‘ಯಾವುದು ಮೊದಲೋ ಅದು’ ಅನ್ನುವುದರಲ್ಲಿ ಕಂಪನಿಯವರು ಸೋಲುವುದಿಲ್ಲ. ಏನೇನು ಸೇರುತ್ತದೆ ಅನ್ನುವುದು ಅರ್ಧ ಪುಟ. ಏನೇನು ಸೇರುವುದಿಲ್ಲ ಅನ್ನುವುದಕ್ಕೆ ಪುಟ ತಿರುವುತ್ತಲೇ ಇರಬೇಕು. ವೈಪರ್ ರಬ್ಬರು, ಬ್ರೇಕ್ ಪ್ಯಾಡು, ಬಲ್ಬು ಇಲ್ಲ. ನೆರೆಯ ನೀರು ಹೊಕ್ಕರೆ ಇಲ್ಲ. ಇಲಿ ಕಡಿದರೆ ಇಲ್ಲ. ವೈರು ಕತ್ತರಿಸಿ ಹೊರಗಿನದು ಏನಾದರೂ ಜೋಡಿಸಿದರೆ ಇಲ್ಲ. ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸಿ ದಾಖಲೆ ಇಟ್ಟಿಲ್ಲದಿದ್ದರೆ ಇಲ್ಲ.

ಓದಿ ಮುಗಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಈ ಗಾಡಿಗೆ ಸವೆತದಿಂದ ಅಂಥ ಭಯವಿಲ್ಲ. ಭಯವಿರುವುದು ಪ್ರೀತಿಯಿಂದ. ನಮ್ಮ ಕಡೆ ಪ್ರೀತಿ ಅಂದರೆ ಕೈ ಹಾಕುವುದು. ಮಗುವಾದರೆ ಕೆನ್ನೆ ಹಿಂಡುತ್ತಾರೆ, ಗಾಡಿಯಾದರೆ ಬಾನೆಟ್ಟು ಎತ್ತುತ್ತಾರೆ. ಇದಕ್ಕೆ ಬೇಕಾದ ಮೇಂಟೆನೆನ್ಸು ಅಂದರೆ ನೆಂಟರಿಷ್ಟರ ಕೈಯನ್ನು ಅದರಿಂದ ದೂರ ಇಡುವುದು. ಅದಕ್ಕೆ ಮಾತ್ರ ಯಾವ ಸರ್ವಿಸ್ ಸೆಂಟರಿನಲ್ಲೂ ವ್ಯವಸ್ಥೆ ಇಲ್ಲ.

ಮೊದಲು ಬಂದವನು ಚಿಕ್ಕಮ್ಮನ ಮಗ. “ಅಣ್ಣ, ಗಾಡಿ ಬರೋದೇ ಗೊತ್ತಾಗಲ್ಲ, ದನ ಕೂಡ ಜಾಗ ಬಿಡಲ್ಲ, ಒಂದು ಮ್ಯೂಸಿಕ್ ಹಾರನ್ ಕೂರಿಸ್ತೀನಿ” ಅಂತ ಕೈಯಲ್ಲಿ ಇಕ್ಕಳ ಹಿಡಿದೇ ಬಂದ. ದನದ ವಿಷಯ ನಿಜ. ಆದರೆ ಒಂದು ವೈರಿನ ಸಿಪ್ಪೆ ಸುಲಿದರೂ ವಾರಂಟಿಗೆ ತಕರಾರು ಏಳುತ್ತದೆ ಅಂದೆ. ಅವನು ಮುಖ ಊದಿಸಿಕೊಂಡು, “ಹೋಗ್ಲಿ, ಹೊಳೇಲಾದ್ರೂ ತೊಳ್ಕೊಂಡು ಬರ್ತೀನಿ” ಅಂದ. ಸಂಗಮದ ಕಡೆ ಗಾಡಿಯನ್ನು ಎಮ್ಮೆ ಇಳಿಸಿದ ಹಾಗೆ ನೀರಿಗಿಳಿಸಿ ತೊಳೆಯುವ ಅಭ್ಯಾಸ ಅವನದು. ಕೆ.ಆರ್.ಎಸ್. 124.80 ಅಡಿ ತುಂಬಿ ಗೇಟು ತೆಗೆದರೆ ಕಾವೇರಿ ನಿಮಿಷಾಂಬೆಯ ಮೆಟ್ಟಿಲಿಗೇ ಬರುತ್ತಾಳೆ, ಆಗಲೇ ಗಾಡಿಯನ್ನು ಎತ್ತರಕ್ಕೆ ಸಾಗಿಸಬೇಕು. ಇನ್ನು ನಾವಾಗಿ ಹೋಗಿ ಕರೆಯುವುದು ಬೇಡ ಅಂತ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ.

ಆಮೇಲೆ ಮೇಸ್ತ್ರಿ. ನನ್ನ ಹಳೇ ಡೀಸೆಲ್ ಗಾಡಿಯನ್ನು ಬದುಕಿಸಿಕೊಂಡು ಬಂದವರು ಅವರೇ. ಎಂಜಿನ್ನಿನ ಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಕೇಳಿದರೆಂದರೆ ಯಾವ ವಾಲ್ವು ಕೆಮ್ಮುತ್ತಿದೆ ಅನ್ನುವುದು ಅವರಿಗೆ ಗೊತ್ತಾಗುತ್ತಿತ್ತು. ಹೊಸ ಗಾಡಿಯನ್ನೂ ಒಮ್ಮೆ ನೋಡಿಬಿಡುತ್ತೇನೆ ಅಂತ ಬಂದರು. ಹೆಂಡತಿ ಒಳಗೆ ಎ.ಸಿ. ಹಾಕಿಕೊಂಡು ಕೂತಿದ್ದಳು, ‘ರೆಡಿ’ ದೀಪ ಉರಿಯುತ್ತಿತ್ತು. ಬಾನೆಟ್ಟು ಎತ್ತುವ ಮುಂಚೆ ಅದನ್ನು ಆರಿಸಲೇಬೇಕು ಅಂತ ಪುಸ್ತಕದಲ್ಲಿದೆ. ನಾನು ಆ ಪುಟ ಹುಡುಕಿ ಓದಿ ಹೇಳುವ ಹೊತ್ತಿಗೆ ಮೇಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಕಿವಿ ಕೊಟ್ಟಾಗಿತ್ತು. “ಜೀವಾನೇ ಇಲ್ಲ ಸಾರ್” ಅಂದರು. ಆ ಮಾತಿಗೇ ಕಾಯುತ್ತಿತ್ತೋ ಏನೋ, ಎಂಜಿನ್ನು ತಾನಾಗಿ ‘ಗುರ್’ ಅಂತು. ಮೇಸ್ತ್ರಿ ಒಂದೇ ನೆಗೆತಕ್ಕೆ ನುಗ್ಗೆಮರದ ಬುಡ ಸೇರಿದರು. ಸಾವರಿಸಿಕೊಂಡು ಬಂದು ದೂರದಿಂದಲೇ ಒಳಗಿನ ದಪ್ಪ ಕಿತ್ತಳೆ ಬಣ್ಣದ ಕೇಬಲ್ಲು ನೋಡಿ, “ಇದೇನು?” ಅಂದರು. ಅದರಲ್ಲಿ ನೂರಾರು ವೋಲ್ಟು ಹರಿಯುತ್ತದೆ, ಕಿತ್ತಳೆ ಬಣ್ಣ ಕಂಡಲ್ಲಿ ಕೈ ಇಡಬಾರದು ಅಂದೆ. ಎಣ್ಣೆಯಾದರೂ ನೋಡೋಣ ಅಂತ, ಗಾಡಿ ಪೂರ್ತಿ ಆಫ್ ಮಾಡಿಸಿ, ಡಿಪ್‌ಸ್ಟಿಕ್ ಎಳೆದು ಎರಡು ಬೆರಳಲ್ಲಿ ತಿಕ್ಕಿದರು. ಈ ಎಂಜಿನ್ನುಗಳಿಗೆ 0ಡಬ್ಲ್ಯು-16 ಅನ್ನುವ ಬಲು ತೆಳು ಎಣ್ಣೆ. ಪದೇ ಪದೇ ನಿಂತು ಹೊರಡುವಾಗ ಥಟ್ಟನೆ ಹರಿಯಬೇಕಲ್ಲ. ಮೇಸ್ತ್ರಿ ಬೆರಳು ನೋಡಿಕೊಂಡು, “ಎಣ್ಣೇನಾ ಸಾರ್ ಇದು, ತೀರ್ಥಾನಾ?” ಅಂತ ಬಾನೆಟ್ಟು ಮುಚ್ಚಿ ಕೈ ಮುಗಿದರು.

ಇಲಿಗಳಿಗೆ ಈ ಭಯಭಕ್ತಿ ಇಲ್ಲ. ಸುತ್ತ ಗದ್ದೆ, ಕಬ್ಬು. ಕಟಾವಾದ ವಾರವೇ ಅವು ಮನೆ ಖಾಲಿ ಮಾಡಿ ಬೆಚ್ಚಗಿನ ಬಾನೆಟ್ಟಿಗೆ ಬಂದು ಬಿಡಾರ ಹೂಡುತ್ತವೆ. ಇದಕ್ಕೆ ಊರಲ್ಲಿ ತಲೆಗೊಂದು ಮದ್ದು: ಹೊಗೆಸೊಪ್ಪು, ನುಸಿಗುಳಿಗೆ, ಫಿನಾಯಿಲು. ಎಲ್ಲ ಪ್ರಯೋಗ ಮುಗಿದ ಮೇಲೆ ಗಾಡಿಯೊಳಗೆ ಕೂರಲಾಗದೆ ನಾವು ಹೊರಗೆ, ಇಲಿ ಒಳಗೆ. ಕೊನೆಗೆ ಚಿಕ್ಕಮ್ಮ ಒಂದು ಬೆಕ್ಕು ಕಳಿಸಿಕೊಟ್ಟಳು. ಬೆಕ್ಕು ಬಾನೆಟ್ಟಿನ ಮೇಲೆ ಮಲಗುತ್ತದೆ, ಇಲಿ ಕೆಳಗೆ. ಸದ್ಯಕ್ಕೆ ಒಡಂಬಡಿಕೆ ಮುರಿದಿಲ್ಲ. ವೈರು ಕಡಿದರೆ ವಾರಂಟಿಯವರನ್ನು ಕೇಳಬಾರದು, ಪಾಲಿಸಿಯಲ್ಲಿ ಬರೆದಿದ್ದರೆ ಇನ್ಶೂರೆನ್ಸಿನವರನ್ನು ಕೇಳಬೇಕು ಅನ್ನುವುದನ್ನು ಮಾತ್ರ ತಿಳಿದಿಟ್ಟುಕೊಂಡಿದ್ದೇನೆ.

ಪಿತೃಪಕ್ಷದಲ್ಲಿ ಗಾಡಿ ತೆಗೆಯದೆ ಬಿಟ್ಟಿದ್ದೆವು. ಮಹಾಲಯ ಅಮಾವಾಸ್ಯೆ ಕಳೆದು ಗುಂಡಿ ಒತ್ತಿದರೆ ಕಮಕ್ ಕಿಮಕ್ ಇಲ್ಲ. ಬೀದಿಯೆಲ್ಲ ಸೇರಿತು. ದೊಡ್ಡ ಬ್ಯಾಟರಿ ಹೋಯಿತು, ಲಕ್ಷಗಟ್ಟಲೆ ಖರ್ಚು ಅಂತ ಸಂತಾಪ ಶುರುವಾಯಿತು. ಫೋನು ಮಾಡಿದರೆ ಸರ್ವಿಸ್ ಸೆಂಟರಿನ ಹುಡುಗ, “ಸರ್, ದೊಡ್ಡದು ಚೆನ್ನಾಗಿದೆ, ಚಿಕ್ಕದು ಮಲಗಿದೆ” ಅಂದ. ಈ ಗಾಡಿಗಳಲ್ಲಿ ಮಾಮೂಲಿ 12 ವೋಲ್ಟಿನ ಬ್ಯಾಟರಿಯೂ ಒಂದಿರುತ್ತದೆ. ಕಂಪ್ಯೂಟರನ್ನು ಎಬ್ಬಿಸುವುದು, ದೊಡ್ಡ ಬ್ಯಾಟರಿಯ ರಿಲೇ ಕೂಡಿಸುವುದು ಅದರ ಕೆಲಸ. ಅದು ಚಾರ್ಜಾಗುವುದು ‘ರೆಡಿ’ ದೀಪ ಉರಿಯುವಾಗಷ್ಟೆ. ಸುಮ್ಮನೆ ನಿಂತರೆ ಸೋರಿ ಹೋಗುತ್ತದೆ. ಮಾವ ಕೇಳಿಸಿಕೊಂಡು, “ಗೊತ್ತಾಯ್ತು ಬುಡು. ತಸೀಲ್ದಾರ್ರು ಒಳಗೇ ಅವ್ರೆ, ಬಾಗ್ಲು ತೆಗಿಯೋ ಜವಾನ ರಜ” ಅಂದರು. ಪಕ್ಕದ ಮನೆಯವರ ಕಾರಿನಿಂದ ವೈರು ಕೊಟ್ಟು ಎಬ್ಬಿಸಿದ್ದಾಯಿತು. ದೊಡ್ಡದಕ್ಕೆ 8 ವರ್ಷದ ವಾರಂಟಿ, ಈ ಜವಾನನಿಗೆ ಬೇರೆ, ತೀರಾ ಕಡಿಮೆ. ಇಲ್ಲೂ ಹಾಗೇ ಅಂತ ಮಾವ ನಿಟ್ಟುಸಿರುಬಿಟ್ಟರು.

ಇಷ್ಟರಲ್ಲಿ ರೀಕಾಲ್ ಸುದ್ದಿ ಬಂತು. 2025ರ ನವೆಂಬರಿನಲ್ಲಿ ಮಾರುತಿಯವರು 39,506 ಗ್ರ್ಯಾಂಡ್ ವಿಟಾರಾಗಳನ್ನು, ಟೊಯೋಟಾದವರು 11,529 ಹೈರೈಡರ್‌ಗಳನ್ನು ವಾಪಸು ಕರೆದರು. ಎರಡೂ ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿಗಳು. ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು, ಎಚ್ಚರಿಕೆಯ ದೀಪ ಸರಿಯಾಗಿ ತೋರಿಸದಿರಬಹುದು, ಬಿಟ್ಟಿಯಾಗಿ ಬದಲಿಸಿಕೊಡುತ್ತೇವೆ ಅಂದರು. ನನ್ನದು ಆ ಎರಡೂ ಅಲ್ಲ. ಆದರೆ ನಮ್ಮ ಬೀದಿಯಲ್ಲಿ ಹೈಬ್ರಿಡ್ ಅಂದರೆ ನನ್ನದೊಂದೇ. ಆದ್ದರಿಂದ ಸಂಜೆಯೊಳಗೆ ‘ಮೇಷ್ಟ್ರ ಗಾಡಿ ಕಂಪನಿಯವರು ಎತ್ತಾಕ್ಕೊಂಡು ಹೋಗ್ತಾರಂತೆ’ ಅಂತಾಯಿತು. ಸಾಲದ ಕಂತು ಕಟ್ಟಿಲ್ಲವೇನೋ ಅಂತ ಚಿಕ್ಕಮ್ಮ ಸೆರಗಿನ ಗಂಟಿನಲ್ಲಿ ದುಡ್ಡು ತಂದಳು.

ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಪಾಠ ಮಾಡಿದೆ. ರೀಕಾಲ್ ಅಂದರೆ ಜಪ್ತಿ ಅಲ್ಲ. ತಯಾರಿಕೆಯಲ್ಲೇ ಊನ ಇದ್ದರೆ ಕಂಪನಿ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡುವುದು. 2012ರಿಂದ ತಯಾರಕರ ಸಂಘದವರು ಸ್ವಂತ ಇಚ್ಛೆಯಿಂದ ಮಾಡುತ್ತಿದ್ದರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. 2021ರ ಏಪ್ರಿಲ್ 1ರಿಂದ ಸರ್ಕಾರವೇ 7 ವರ್ಷದೊಳಗಿನ ಗಾಡಿಗಳನ್ನು ವಾಪಸು ಕರೆಸಬಹುದು, 10 ಲಕ್ಷದಿಂದ 1 ಕೋಟಿವರೆಗೆ ದಂಡ ಹಾಕಬಹುದು. ಹೈಬ್ರಿಡ್‌ಗಳ ಹಿರಿಯಣ್ಣ ಪ್ರಿಯಸ್ಸನ್ನೇ 2014ರಲ್ಲಿ ಲೋಕದಾದ್ಯಂತ 19 ಲಕ್ಷ ಗಾಡಿ ವಾಪಸು ಕರೆದಿದ್ದರು. ಊನ ಇದ್ದದ್ದು ಸಾಫ್ಟ್‌ವೇರಿನಲ್ಲಿ.

“ಅಂದ್ರೆ ನಟ್ಟು ಬೋಲ್ಟು ಮುಟ್ನೇ ಇಲ್ವಾ?” ಅಂದರು ಮೇಸ್ತ್ರಿ. ಅವರ ದನಿಯಲ್ಲಿ ನೋವಿತ್ತು.

ನಮ್ಮ ಗಾಡಿಯದನ್ನೂ ನೋಡಿಯೇಬಿಡೋಣ ಅಂತ ಆರ್‌ಸಿ ಕಾರ್ಡು ತೆಗೆದೆ. ಕಂಪನಿಯ ವೆಬ್‌ಸೈಟಿನಲ್ಲಿ 17 ಅಕ್ಷರದ ಛಾಸಿಸ್ ನಂಬರು ಹಾಕಿದರೆ ಹೇಳುತ್ತದೆ. ನಾನು ಓದಿದೆ, ಹೆಂಡತಿ ಒತ್ತಿದಳು. “ಇದು ಸೊನ್ನೇನಾ, ಓ ನಾ?” ಅಂತ ಅವಳು ಕೇಳಿದ್ದಕ್ಕೆ, ಆ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ, ಕಂಡದ್ದೆಲ್ಲ ಸೊನ್ನೆಯೇ ಅಂದೆ. ಜಗಲಿ ಉಸಿರು ಬಿಗಿಹಿಡಿದು ಕಾಯಿತು. ‘ನಿಮ್ಮ ವಾಹನಕ್ಕೆ ಯಾವುದೇ ರೀಕಾಲ್ ಬಾಕಿ ಇಲ್ಲ’ ಅಂತ ಬಂತು. ಸಂತೋಷಪಡುವ ಬದಲು ಎಲ್ಲರ ಮುಖವೂ ಬಾಡಿತು.

“ಐವತ್ತು ಸಾವ್ರ ಜನಕ್ಕೆ ಕಾಗ್ದ ಬಂದು ನಮಗಿಲ್ವಾ?” ಅಂದರು ಮಾವ. “ಫೋನ್ ಮಾಡಿ ಒಸಿ ಕೇಳ್ಬಾರ್ದಾ?”

ಕಾಗದ ಬರದಿದ್ದರೂ ಸರ್ವಿಸಿಗೆ ಹೋಗಲೇಬೇಕಿತ್ತು. ಮೈಸೂರಿಗೆ ಮಾವನೂ ಬಂದರು. ಟ್ಯಾಬ್ ಹಿಡಿದ ಅಡ್ವೈಸರ್ ಹುಡುಗಿ, “ಸರ್, ಕಂಪ್ಲೇಂಟ್ ಏನಾದ್ರೂ ಇದೆಯಾ?” ಅಂದಳು. ನಾನು ಬಾಯಿ ತೆಗೆಯುವ ಮೊದಲೇ ಮಾವ, “ಏನೂ ಇಲ್ದೆ ಇರೋದೇ ಕಂಪ್ಲೇಂಟು ಕಣವ್ವ. ಎಲ್ಲಾರ್ಗೂ ಏನಾರ ಒಂದ್ ಕೆಲ್ಸ ಇರ್ಬೇಕಲ್ವಾ?” ಅಂದರು. ಅವಳು ನಕ್ಕು ಕೆಲಸ ನೋಡಿದಳು. ಬ್ರೇಕ್ ಪ್ಯಾಡು ಹೆಚ್ಚು ಸವೆದೇ ಇರಲಿಲ್ಲ. ಅರ್ಧ ಬ್ರೇಕು ಮೋಟಾರೇ ಹಾಕುತ್ತದಲ್ಲ. ಇನ್ವರ್ಟರಿನ ಕೂಲೆಂಟ್ ಎಂಜಿನ್ನಿನದಕ್ಕಿಂತ ಬೇರೆ, ಅದನ್ನೂ ನೋಡಿದರು. ದೊಡ್ಡ ಬ್ಯಾಟರಿಯ ತಪಾಸಣೆ ಮಾಡಿ ವರದಿಯ ಹಾಳೆ ಕೊಟ್ಟರು. ಅದನ್ನು ಜೋಪಾನ ಮಾಡಿ ಅಂದರು.

ಆಮೇಲೆ ಹಿಂದಿನ ಸೀಟಿನ ಪಕ್ಕದ ಜಾಳಿಗೆಗೆ ಕೈ ಹಾಕಿದರು. ಬ್ಯಾಟರಿ ತಣ್ಣಗಿರಲು ಕಾರಿನೊಳಗಿನ ಗಾಳಿಯನ್ನೇ ಫ್ಯಾನು ಆ ಕಡೆಯಿಂದ ಎಳೆದುಕೊಳ್ಳುತ್ತದೆ. ಅಲ್ಲಿ ಚೀಲ ಒತ್ತಬಾರದು, ಧೂಳು ಕಟ್ಟಬಾರದು. ಕಟ್ಟಿದರೆ ಬ್ಯಾಟರಿ ಕಾದು ಬೇಗ ಮುಪ್ಪಾಗುತ್ತದೆ. ಹುಡುಗ ಅಂಗೈಯಗಲದ ಫಿಲ್ಟರ್ ಎಳೆದು ಬಿಳಿ ಬಟ್ಟೆಯ ಮೇಲೆ ಕೊಡವಿದ. ಅಕ್ಷತೆ, ಕುಂಕುಮ, ಕಡ್ಲೆಪುರಿ, ಒಣಗಿದ ಚೆಂಡು ಹೂವಿನ ಎಸಳು, ಅರ್ಧ ಸುಟ್ಟ ಊದುಬತ್ತಿ ಕಡ್ಡಿ, ನಾಲ್ಕೈದು ಬೆಕ್ಕಿನ ಕೂದಲು. ಹುಣ್ಣಿಮೆ ಹುಣ್ಣಿಮೆಗೂ ಚಿಕ್ಕಮ್ಮ ಒಳಗೆ ಕೂತು ಬ್ಯಾಟರಿಗೂ ಒಂದು ಪೂಜೆ ಮಾಡುತ್ತಿದ್ದಳು ಅನ್ನುವುದು ಆಗ ತಿಳಿಯಿತು. ಅಡ್ವೈಸರ್ ಹುಡುಗಿ ಅದನ್ನೆಲ್ಲ ನೋಡಿ, “ಗಂಜಾಂ ಗಾಡಿನಾ ಸರ್?” ಅಂದಳು. ವರದಿಯಲ್ಲಿ ಏನಂತ ಬರೆಯುತ್ತಾಳೋ ಅಂತ ಎದೆ ಹೊಡೆದುಕೊಂಡಿತು. ‘ಹೊರಗಿನ ವಸ್ತುಗಳು, ಸ್ವಚ್ಛ ಮಾಡಲಾಗಿದೆ’ ಅಂತ ಅಷ್ಟೇ ಬರೆದಳು.

ಎರಡು ದಿನ ಬಿಟ್ಟು ಅವಳದೇ ಫೋನು. “ಸರ್, ನಮ್ಮ ಸರ್ವಿಸಿಗೆ ಹತ್ತಕ್ಕೆ ಎಷ್ಟು ಕೊಡ್ತೀರಾ?”

ಮಾವ ಫೋನು ಕಿತ್ತುಕೊಂಡರು. ಕಬ್ಬಿನ ತೂಕದಲ್ಲಿ ಜೀವಮಾನವಿಡೀ ಚೌಕಾಸಿ ಮಾಡಿದವರು. “ಏಳು ಬರ್ಕೊ ಕಣವ್ವ.”

“ಸರ್, ಹತ್ತೇ ಬೇಕು.”

“ಎಂಟು. ಹತ್ತೂ ಕೊಟ್ಬುಟ್ರೆ ಮುಂದಿನ್ಸಲ ನೀವು ಏನ್ ಮಾಡೀರಿ?”

“ಸರ್, ಒಂಬತ್ತು ಬಂದ್ರೂ ನಂಗೆ ಮೀಟಿಂಗಲ್ಲಿ ಬೈತಾರೆ.”

ಮಾವ ಒಂದು ಗಳಿಗೆ ಸುಮ್ಮನಾದರು. “ಬೈತಾರಾ? ಯಾವನವ್ನು? ಅನ್ನೆರಡು ಬರ್ಕೊಳವ್ವ. ಮುಂದಿನ್ಸಲ ಬರೋವಾಗ ಒಂದ್ ಚೀಲ ಅಕ್ಕಿ ತತ್ತೀನಿ, ಬೇಡ ಅನ್ಬೇಡ. ಗಾಡಿ ಇಂದಿನ ಸೀಟ್ ಪಕ್ಕದಲ್ಲೇ ಮಡಗಿರ್ತೀನಿ.”