ಎದ್ದು ಹೋಗಲು ನೆಪ ಬೇಕಾಗಿದೆ

ಸಂಗೀತ ಕಛೇರಿಯ ನಡುವೆ ಎದ್ದು ಹೋಗಲು ಸಂಸಾರಸ್ಥನಿಗಿರುವ ಅನುಕೂಲ ಒಂಟಿ ಮನುಷ್ಯನಿಗಿಲ್ಲ. ಮಗು ಅತ್ತಿತು, ಅಮ್ಮನ ಮಾತ್ರೆಯ ಹೊತ್ತಾಯಿತು, ಇವಳಿಗೆ ಎಸಿ ಆಗುವುದಿಲ್ಲ, ಮಾವನವರಿಗೆ ಮಂಡಿನೋವು. ಈ ನಾಡಿನಲ್ಲಿ ಎಷ್ಟು ಜನರ ಸಂಗೀತಪ್ರೇಮ ಹೆಂಡತಿ ಮಕ್ಕಳ ಮರೆಯಲ್ಲಿ ಮಾನ ಉಳಿಸಿಕೊಂಡಿದೆಯೋ ಲೆಕ್ಕವಿಲ್ಲ. "ನಾನೊಬ್ಬನೇ ಆಗಿದ್ದರೆ ಮಂಗಳದವರೆಗೂ ಕೂರುತ್ತಿದ್ದೆ" ಎಂದು ಕಾರಿನ ಬಾಗಿಲು ತೆಗೆಯುತ್ತ ನಿಟ್ಟುಸಿರು ಬಿಟ್ಟರೆ ಮುಗಿಯಿತು. ಅತ್ತ ಮಂಗಳ ಹಾಡುವ ಹೊತ್ತಿಗೆ ಇತ್ತ ಮನೆಯಲ್ಲಿ ಮೊಸರನ್ನ.

ಅಂಥ ಸುಖಕ್ಕೆ ಕಲ್ಲು ಹಾಕಲೆಂದೇ ಈ ಸೋಲೋ ಟ್ರಿಪ್ ಎಂಬುದು ಬಂದಿದೆ. ಬೆಂಗಳೂರಿನ ರಸಿಕರೊಬ್ಬರು (ಹೆಸರು ಬೇಡ, ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಿದ್ದಾರೆ) ಧನುರ್ಮಾಸದಲ್ಲಿ ಒಬ್ಬರೇ ಚೆನ್ನೈಗೆ ಹೊರಟರು. ಅಲ್ಲಿ ಡಿಸೆಂಬರ್ ಎಂದರೆ ಬೀದಿಗೊಂದು ಸಭಾ, ಸಭಾಕ್ಕೆ ದಿನಕ್ಕೆ ಮೂರು ನಾಲ್ಕು ಕಛೇರಿ. ಅವರ ಶ್ರೀಮತಿ ಮದುವೆಗೆ ಮುಂಚೆ ಸೀನಿಯರ್ ಪಾಸು ಮಾಡಿದವರು, ತಂಬೂರಿ ಈಗ ಅಟ್ಟದ ಮೇಲಿದೆ. ನಾನೂ ಬರಲೇ ಎಂದು ಆಕೆ ಕೇಳಿದ್ದಕ್ಕೆ, "ಸ್ವಲ್ಪ ದಿನ ನನ್ನ ಜೊತೆ ನಾನಿರಬೇಕು ಕಣೇ" ಎಂದರಂತೆ.

ಹಾಗೆಂದು ಬೆಂಗಳೂರಿನಲ್ಲಿ ಸಂಗೀತಕ್ಕೆ ಬರವಿದೆಯೆ? 1939ರಲ್ಲಿ ಹುಟ್ಟಿದ ರಾಮಸೇವಾ ಮಂಡಳಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಪೆಂಡಾಲು ಹಾಕಿ ಪ್ರತಿ ರಾಮನವಮಿಗೂ ವಾರಗಟ್ಟಲೆ ಹಾಡಿಸುತ್ತದೆ. ಮದ್ರಾಸಿನ ವಿದ್ವಾಂಸರೇ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದು ಹಾಡುತ್ತಾರೆ. ಆದರೆ ಆ ಮೈದಾನಕ್ಕೆ ಹೋದರೆ ಕಾರು ನಿಲ್ಲಿಸಲು ಜಾಗವಿಲ್ಲ. ಮುನ್ನೂರೈವತ್ತು ಕಿಲೋಮೀಟರ್ ದೂರ ರೈಲಿನಲ್ಲಿ ಹೋದರೆ ಆ ಚಿಂತೆಯಿಲ್ಲ.

ಮೊದಲ ಸಂಜೆ ಮ್ಯೂಸಿಕ್ ಅಕಾಡೆಮಿ. 1927ರ ಕಾಂಗ್ರೆಸ್ ಅಧಿವೇಶನದ ಜೊತೆಗೆ ನಡೆದ ಸಂಗೀತ ಸಮ್ಮೇಳನದಿಂದ ಹುಟ್ಟಿದ ಸಂಸ್ಥೆ ಅದು. ನಮ್ಮ ಪಿಟೀಲು ಚೌಡಯ್ಯನವರಿಗೆ 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಕೊಟ್ಟದ್ದೂ ಅದೇ ಎಂಬ ವಿಷಯವನ್ನು ರಸಿಕರು ರೈಲಿನಲ್ಲೇ ಓದಿಕೊಂಡಿದ್ದರು, ಯಾರಾದರೂ ಕೇಳಿದರೆ ಇರಲಿ ಎಂದು. ಯಾರೂ ಕೇಳಲಿಲ್ಲ. ಪಕ್ಕದ ಸೀಟಿನಲ್ಲಿ ಕಾಂಚೀಪುರದ ಸೀರೆಯುಟ್ಟ ಮಾಮಿಯೊಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ರಸಿಕರ ಕಣ್ಣು ವೇದಿಕೆಯ ಮೇಲಿದ್ದಂತೆ ಕಂಡರೂ ಇದ್ದದ್ದು ಆ ಕೈಯ ಮೇಲೆ. ಮಾಮಿಯ ಅಂಗೈ ಬಿದ್ದ ಮೇಲೆ ಇವರದು ಬೀಳುತ್ತದೆ, ಅವರ ಕಿರುಬೆರಳು ಮಡಚಿದ ಮೇಲೆ ಇವರದು ಮಡಚುತ್ತದೆ. ಆದಿತಾಳ ಇರುವಷ್ಟು ಹೊತ್ತು ಈ ಉದ್ರಿ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಮುಂದಿನ ಕೃತಿ ಮಿಶ್ರಛಾಪು. ಏಳರ ಲೆಕ್ಕದಲ್ಲಿ ಮಾಮಿಯ ಕೈ ಎಲ್ಲಿ ಏಳುತ್ತದೆ ಎಲ್ಲಿ ಬೀಳುತ್ತದೆ ತಿಳಿಯದೆ ಇವರ ಕೈ ಗಾಳಿಯಲ್ಲಿ ನಿಂತಿತು, ಆಮೇಲೆ ಏನೂ ಆಗದವರಂತೆ ಮಂಡಿ ಸವರಿಕೊಂಡಿತು.

ರಾಗಾಲಾಪನೆ ಶುರುವಾದಾಗ ಮಾಮಿ ಬಗ್ಗಿ ಕೇಳಿದರು: "ಪೂರ್ವಿಕಲ್ಯಾಣಿಯೋ, ಪಂತುವರಾಳಿಯೋ?" ಎರಡಕ್ಕೂ ವ್ಯತ್ಯಾಸ ಮುಖ್ಯವಾಗಿ ಧೈವತದಲ್ಲಿ. ಧೈವತ ಬರುವವರೆಗೆ ಕಾದರೆ ಸಾಕು, ಸೀನಿಯರ್ ಪಾಸಾದ ಯಾರಾದರೂ ಹೇಳಿಯಾರು. ಅಂಥವರನ್ನು ಇವರು ಮನೆಯಲ್ಲಿ ಬಿಟ್ಟು ಬಂದಿದ್ದರು. "ಕಲ್ಯಾಣಿಯ ಛಾಯೆಯಂತೂ ಇದೆ ಮಾಮಿ" ಎಂದರು. ಮಾಮಿ ಆಮೇಲೆ ಆ ಕಡೆಯವರನ್ನೇ ಕೇಳತೊಡಗಿದರು.

ತನಿ ಆವರ್ತನ ಬಂದಾಗ ಸಭಾಂಗಣದಲ್ಲಿ ಅರ್ಧಕ್ಕರ್ಧ ಜನ ಎದ್ದರು. ಇದೊಂದು ಹಳೆಯ ಸಂಪ್ರದಾಯ. ಮೃದಂಗ, ಘಟದವರು ಹತ್ತಾರು ವರ್ಷ ಬೆರಳು ಸವೆಸಿ ಕಲಿತದ್ದನ್ನು ನುಡಿಸುವಾಗ ರಸಿಕ ಸಮೂಹ ಮೂತ್ರ ವಿಸರ್ಜಿಸುತ್ತದೆ. ನಮ್ಮವರಿಗೂ ಏಳುವ ಮನಸ್ಸು. ಆದರೆ ಎದ್ದರೆ ಆ ಪಾಪ ಯಾರ ತಲೆಗೆ ಕಟ್ಟುವುದು? ಅಳುವ ಮಗುವಿಲ್ಲ, ಚಳಿಯೆನ್ನುವ ಹೆಂಡತಿಯಿಲ್ಲ. ಬೇಸರವಾದದ್ದು ತನಗೇ ಎಂದು ತನಗೇ ತಿಳಿದುಬಿಡುತ್ತದೆ. ಕೊನೆಗೆ ಫೋನು ಕಿವಿಗಿಟ್ಟುಕೊಂಡು, ಬಾರದ ಕರೆಗೆ "ಹಾಂ ಹೇಳಿ" ಎನ್ನುತ್ತ, ಬೆನ್ನು ಬಾಗಿಸಿ ಹೊರಬಿದ್ದರು.

ಹೊರಗೆ ಕ್ಯಾಂಟೀನು. ಒಳಗಿನ ಹಾಡನ್ನು ಟೀಕಿಸುವವರಿದ್ದಾರೆ, ಕ್ಯಾಂಟೀನನ್ನು ಟೀಕಿಸಿದವರಿಲ್ಲ. ಬಾಳೆಹೂವಿನ ವಡೆ, ತುಪ್ಪ ಜಿನುಗುವ ಅಕ್ಕಾರವಡಿಶಲ್, ನೊರೆಕಾಫಿ. 2024ರಲ್ಲಿ ಗಾಯಕ ಟಿ.ಎಂ. ಕೃಷ್ಣ ಅವರಿಗೆ ಅಕಾಡೆಮಿ ಅದೇ ಕಲಾನಿಧಿ ಬಿರುದು ಘೋಷಿಸಿದಾಗ ಕೆಲವು ಕಲಾವಿದರು ಆ ಸಲದ ಸಮ್ಮೇಳನಕ್ಕೇ ಬರುವುದಿಲ್ಲ ಎಂದರಲ್ಲ, ಆ ಜಗಳ ಇಲ್ಲಿ ಇನ್ನೂ ತಣ್ಣಗಾಗಿಲ್ಲ. ಎಲೆಯ ಮುಂದೆ ಕೂತವರು ಜಾತಿ, ಭಕ್ತಿ, ಪರಂಪರೆಯ ಬಗ್ಗೆ ಮಾತಾಡುವಾಗ ಇರುವ ಏಕಾಗ್ರತೆ ಒಳಗೆ ನಿರವಲ್‌ಗೆ ಸಿಕ್ಕಿದ್ದರೆ ಗಾಯಕರು ಧನ್ಯರಾಗುತ್ತಿದ್ದರು.

ಇಷ್ಟರಲ್ಲಿ ಒಳಗೆ ತುಕ್ಕಡಗಳು, ಅಂದರೆ ಕೊನೆಯ ಲಘು ಹಾಡುಗಳು, ಶುರುವಾಗಿದ್ದವು, ಅವುಗಳ ನಡುವೆ ಒಂದು ದೇವರನಾಮ. ಸರಳೆ ವರಸೆ ಹಾಕಿಕೊಟ್ಟವರು ಪುರಂದರದಾಸರು, ಕರ್ನಾಟಕ ಸಂಗೀತದ ಪಿತಾಮಹ ಎಂಬ ಬಿರುದೂ ಅವರದೇ. ಆದರೆ ಗಾಯಕ ಅರಿಯಕುಡಿಯವರು ರೂಢಿಗೆ ತಂದ ಕಛೇರಿ ಪದ್ಧತಿಯಲ್ಲಿ ಪಿತಾಮಹರಿಗೆ ಸಾಮಾನ್ಯವಾಗಿ ಸಿಗುವುದು ಕೊನೆಯ ಪಂಕ್ತಿ, ಜನ ಚಪ್ಪಲಿ ಹುಡುಕುವ ಹೊತ್ತು. ಕನ್ನಡ ಕೇಳಿಸಿದ್ದೇ ತಡ, ಬಾಯಲ್ಲಿ ವಡೆಯಿದ್ದರೂ ನಮ್ಮ ರಸಿಕರ ಅಭಿಮಾನ ಉಕ್ಕಿತು. ಎದುರಿಗಿದ್ದವರಿಗೆ "ನಮ್ಮವರು" ಎಂದರು. ಒಳಗೆ ಹೋಗಲಿಲ್ಲ, ಕಾಫಿ ಇನ್ನೂ ಬಂದಿರಲಿಲ್ಲ.

ಬೆಳಗಿನ ಮತ್ತು ಮಧ್ಯಾಹ್ನದ ಕಛೇರಿಗಳಿಗೆ ಬಹಳಷ್ಟು ಸಭಾಗಳಲ್ಲಿ ಟಿಕೆಟ್ಟೇ ಇಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಖಾಲಿ ಕುರ್ಚಿಗಳಿಗೆ ಜೀವ ತೇದು ಹಾಡುತ್ತಾರೆ. ರಸಿಕರು ಒಮ್ಮೆ ಇಣುಕಿ ಹಿಂದೆ ಸರಿದರು. ಹದಿನೈದು ಜನರ ಮಧ್ಯೆ ಎದ್ದರೆ ಹಾಡುವ ಹುಡುಗಿಗೇ ಕಾಣಿಸುತ್ತದೆ.

ಹಗಲು ಕಳೆಯಲು ಉಳಿದದ್ದು ಎಗ್ಮೋರಿನ ಸರ್ಕಾರಿ ಮ್ಯೂಸಿಯಂ, 1851ರದು. ಶುಕ್ರವಾರ ರಜೆ ಎಂಬುದು ರಸಿಕರಿಗೆ ಶುಕ್ರವಾರ ತಿಳಿಯಿತು. ಶನಿವಾರ ಮತ್ತೆ ಹೋಗಿ ಚೋಳರ ಕಂಚಿನ ಮೂರ್ತಿಗಳ ಮುಂದೆ ನಿಂತರು. ತಿರುವಾಲಂಗಾಡಿನ ನಟರಾಜ ಅಲ್ಲೇ ಇದ್ದಾನೆ. ಫ್ರಾನ್ಸಿನ ಮಹಾಶಿಲ್ಪಿ ರೋದಾಂ ಇಂಡಿಯಾಕ್ಕೆ ಕಾಲಿಟ್ಟವನೇ ಅಲ್ಲ. ಮದ್ರಾಸಿನ ಈ ಕಂಚುಗಳ ಫೋಟೊಗಳನ್ನಷ್ಟೇ ನೋಡಿ ಮರುಳಾಗಿ ಬರೆದ, ಅದು ಅವನು ಸತ್ತ ಮೇಲೆ 1921ರಲ್ಲಿ ಅಚ್ಚಾಯಿತು. ನಮ್ಮವರದು ಇದರ ತಿರುಗುಮುರುಗು. ಸಾಕ್ಷಾತ್ ನಟರಾಜ ಎದುರಿಗೇ ಇದ್ದಾನೆ, ಇವರು ಆಮೇಲೆ ನೋಡೋಣವೆಂದು ಫೋಟೊ ತೆಗೆದುಕೊಂಡರು. ಬೆಳಕು ಸರಿಯಿಲ್ಲವೆಂದು ಮತ್ತೊಂದು. ಮುಯಲಕನೆಂಬ ಕುಳ್ಳ ಅಸುರನನ್ನು ಮೆಟ್ಟಿದ ಕಾಲು ಫ್ರೇಮಿನಲ್ಲಿ ಬರಲಿಲ್ಲವೆಂದು ಇನ್ನೊಂದು. ನಟರಾಜನ ಬಲಕ್ಕೆ ತಮ್ಮ ಮುಖವೂ ಇರಲೆಂದು ಕಡೆಯದು.

ಸಮುದ್ರದಂಚಿನ ರಸ್ತೆಯಲ್ಲಿ 1966ರಲ್ಲಿ ಚಿತ್ರಕಾರ ಪಣಿಕ್ಕರ್ ಮತ್ತು ಶಿಷ್ಯರು ಕಟ್ಟಿದ ಚೋಳಮಂಡಲ ಕಲಾಗ್ರಾಮವಿದೆ. ಬಾಟಿಕ್ ಬಟ್ಟೆ ಮಾರಿ ದುಡ್ಡು ಕೂಡಿಸಿ ಜಾಗ ಕೊಂಡ ಕಲಾವಿದರ ಆ ಊರನ್ನು ರಸಿಕರು ಟ್ಯಾಕ್ಸಿಯಲ್ಲೇ ದಾಟಿದರು, ಡ್ರೈವರ್ ನಿಲ್ಲಿಸಲಿಲ್ಲವಂತೆ. ಇಳಿದದ್ದು ಮುಂದಿನ ದಕ್ಷಿಣಚಿತ್ರದಲ್ಲಿ. ದಕ್ಷಿಣದ ನಾಡುಗಳ ಹಳೆಯ ಮನೆಗಳನ್ನು ತಂದು ನಿಲ್ಲಿಸಿರುವ ಆ ಆವರಣದಲ್ಲಿ ಇಳಕಲ್ಲಿನ ನೇಕಾರರ ಮನೆಯೂ ಒಂದಿದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲನ್ನು ಇವರು ಜನ್ಮದಲ್ಲಿ ನೋಡಿದವರಲ್ಲ, ರಜಾ ಇಲ್ಲ, ದೂರ, ಬಿಸಿಲು. ಇಲ್ಲಿ ಟಿಕೆಟ್ ಕೊಂಡು ಒಳಹೊಕ್ಕು ಕಂಬ ಮುಟ್ಟಿ, "ಎಂಥ ಬೇರುಗಳು ನಮ್ಮವು" ಎಂದು ಸ್ಟೇಟಸ್ ಹಾಕಿದರು. ಲೈಕುಗಳು ಬರುವವರೆಗೆ ಆ ಜಗುಲಿಯಲ್ಲೇ ಕೂತಿದ್ದರು. ಪ್ರವಾಸದಲ್ಲಿ ಅವರು ನೆಪ ಹುಡುಕದೆ ಕೂತ ಜಾಗ ಅದೊಂದೇ.

ವಾಪಸು ರೈಲು ಹತ್ತಿದ ಮೇಲೆ ಮನೆಗೆ ಫೋನು ಮಾಡಿದರು.

"ಹೇಗಿತ್ತು ರೀ ಸಂಗೀತ?"

"ಅಬ್ಬಾ, ಬೇರೆ ಲೋಕ ಕಣೇ. ಆದರೂ ಒಬ್ಬನೇ ಹೋದರೆ ಏನೋ ಕಮ್ಮಿ ಅನ್ನಿಸುತ್ತೆ. ಮುಂದಿನ ವರ್ಷ ಎಲ್ಲರೂ ಹೋಗೋಣ, ಅಮ್ಮನ್ನೂ ಕರ್ಕೊಂಡು."

"ಮುಂದಿನ ವರ್ಷ ಅಮ್ಮನ್ನ ನೀವು ಮನೇಲಿ ನೋಡ್ಕೊಳ್ಳಿ. ತಂಬೂರಿ ಇಳಿಸಿದೀನಿ, ತಂತಿ ಹಾಕಿಸೋಕೆ ಕೊಟ್ಟಿದೀನಿ. ರೈಲಿಗೆ ನನಗೊಬ್ಬಳಿಗೇ ಬುಕ್ ಮಾಡಿ."